ಜನ ಅಂದರೆ ಹಿಂಜರಿಯುವ ತಮ್ಮನಿಗೆ ಯಾವ ಕೆಲಸ?

ಪ್ರಶ್ನೆ: ಮೇಡಂ, ನಾವು ಸಾಗರದ ಹತ್ತಿರದ ಹಳ್ಳಿಯವರು. ನನ್ನ ತಮ್ಮನಿಗೆ 26 ವರ್ಷ. ಬಿ.ಕಾಂ. ಮುಗಿಸಿದ್ದಾನೆ, ಮಾರ್ಕ್ಸ್ ಚೆನ್ನಾಗಿದೆ. ಹೈಸ್ಕೂಲಿನಿಂದಲೂ ಜನ ಅಂದರೆ ಆಗುವುದಿಲ್ಲ. ಬೆಂಗಳೂರಿನಲ್ಲಿ ಕಾಲ್ ಸೆಂಟರಿಗೆ ಸೇರಿದ್ದ, ನಾಲ್ಕು ತಿಂಗಳಿಗೇ ಬಿಟ್ಟು ಬಂದ. ಎರಡು ವರ್ಷದಿಂದ ಮನೆಯಲ್ಲೇ ಇದ್ದಾನೆ. ನೆಂಟರು ಬಂದರೆ ಮಾಳಿಗೆ ಹತ್ತುತ್ತಾನೆ, ಅವರು ಹೋದ ಮೇಲೇ ಊಟ. ನನ್ನ ಜೊತೆ, ಅಮ್ಮನ ಜೊತೆ ಮಾತ್ರ ಚೆನ್ನಾಗಿ ಮಾತಾಡುತ್ತಾನೆ, ತಮಾಷೆ ಮಾಡುತ್ತಾನೆ. ಅಪ್ಪ "ತೋಟ ನೋಡಿಕೊಂಡಿರಲಿ, ಅಲ್ಲಿ ಯಾರ ಮುಖ ನೋಡಬೇಕು" ಅನ್ನುತ್ತಾರೆ. ಅವನು ಮೊಬೈಲಿನಲ್ಲಿ ಮನೆಯಿಂದಲೇ ಮಾಡುವ ಡೇಟಾ ಎಂಟ್ರಿ ಕೆಲಸ ಹುಡುಕುತ್ತಿದ್ದಾನೆ. ಜನರ ಸಂಪರ್ಕವೇ ಇಲ್ಲದ ಕೆಲಸ ಯಾವುದಾದರೂ ಇದೆಯಾ? ನಾನು ನಿಮಗೆ ಬರೆದದ್ದು ಅವನಿಗೆ ಗೊತ್ತಿಲ್ಲ. ಹೇಳಲೋ, ಬೇಡವೋ?

ಉತ್ತರ: ನಿಮ್ಮ ಅಪ್ಪನ ಮಾತಿನಿಂದಲೇ ಶುರು ಮಾಡೋಣ. ಮಲೆನಾಡಿನ ಮನೆಗಳಿಂದ ನನ್ನ ಹತ್ತಿರ ಬರುವವರೆಲ್ಲ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾರೆ. ತೋಟದಲ್ಲಿ ಯಾರ ಮುಖ ನೋಡಬೇಕು? ಪಾಪ, ಅಪ್ಪನಿಗೇ ಮರೆತುಹೋಗಿದೆ. ಮಳೆ ಹಿಡಿಯುವ ಮುಂಚೆ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸಬೇಕು. ಮರ ಹತ್ತುವವರು ಊರಿಗೆ ಒಬ್ಬರೋ ಇಬ್ಬರೋ. ಎಲ್ಲ ತೋಟದವರಿಗೂ ಅವರು ಅದೇ ವಾರ ಬೇಕು. ಅವರ ಮನೆ ಬಾಗಿಲಿಗೆ ಹೋಗಿ ಹೇಳಬೇಕು. "ನಾಳೆ ಬರ್ತೆ" ಅಂದವರು ಬಾರದಿದ್ದರೆ ಮತ್ತೆ ಫೋನ್ ಮಾಡಬೇಕು, ಅದೂ ಅವರು ಮುನಿಸಿಕೊಳ್ಳದ ಹಾಗೆ. ಕೊಯ್ಲು ಬಂತೆಂದರೆ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ, ಕೊನೆ ಹೊರುವವರು, ಸುಲಿಯುವವರು ಅಂತ ಅಂಗಳದ ತುಂಬ ಜನ. ಕೂಲಿ ಲೆಕ್ಕ, ಮುಂಗಡ, ಚಹಾ, ಮಾತು. ಇದರ ಮೇಲೆ ಪಕ್ಕದವರ ಜೊತೆ ನೀರಿನ ತಕರಾರು, ಬೇಲಿ ತಕರಾರು. ತೋಟದ ಯಜಮಾನನಿಗೆ ವರ್ಷವಿಡೀ ಜನರದ್ದೇ ಕೆಲಸ.

ಹಾಗಂತ ತೋಟ ಪೂರ್ತಿ ಬೇಡ ಅನ್ನುತ್ತಿಲ್ಲ. ಅದರಲ್ಲಿ ಅವನಿಗೆ ಹೊಂದುವ ಭಾಗವಿದೆ. ಖರ್ಚಿನ ಲೆಕ್ಕ, ನೀರು ಬಿಡುವ ಸರದಿ, ಗೊಬ್ಬರದ ಲೆಕ್ಕಾಚಾರ ಅವನೇ ನೋಡಿಕೊಳ್ಳಬಹುದು. ಒಣಗಿದ ಅಡಿಕೆಯನ್ನು ಮ್ಯಾಮ್ಕೋಸ್‌ನಂಥ ಸಹಕಾರಿ ಸಂಘಕ್ಕೆ ಹಾಕಿ ಬರಬಹುದು. ಅಲ್ಲಿ ತೂಕ, ರಸೀದಿ, ಆಮೇಲೆ ಟೆಂಡರ್. ವ್ಯಾಪಾರಿಯ ಎದುರು ಕೂತು ಚೌಕಾಸಿ ಮಾಡುವ ಗೋಜಿಲ್ಲ. ಆಳುಕಾಳಿನ ಮಾತು ಅಪ್ಪ ಆಡುತ್ತಾರೆ ಅನ್ನುವುದಾದರೆ ಈ ಹಂಚಿಕೆ ನಡೆಯುತ್ತದೆ. ಆದರೆ ಅಪ್ಪನಿಗೆ ವಯಸ್ಸಾಗುತ್ತದೆ, ಆಗ ಏನು ಅನ್ನುವುದನ್ನೂ ಈಗಲೇ ಯೋಚಿಸಬೇಕಲ್ವಾ?

ಇನ್ನು ನಿಮ್ಮ ಪ್ರಶ್ನೆ. ಜನರ ಸಂಪರ್ಕವೇ ಇಲ್ಲದ ಕೆಲಸ ಅಂತ ನಾನು ಒಂದನ್ನೂ ನೋಡಿಲ್ಲ. ಆ ಹುಡುಕಾಟ ಬಿಡಿ. ಅದರ ಬದಲು, ಯಾವ ಬಗೆಯ ಸಂಪರ್ಕ ಅವನಿಗೆ ಭಾರ ಅನ್ನುವುದನ್ನು ಹುಡುಕಿ. ಎಲ್ಲ ಮಾತುಕತೆಯೂ ಒಂದೇ ಅಲ್ಲ. ಕೆಲವರಿಗೆ ಅಪರಿಚಿತರು ಕಷ್ಟ, ಪರಿಚಯದ ನಾಲ್ಕು ಮುಖಗಳಾದರೆ ಪರವಾಗಿಲ್ಲ. ಕೆಲವರಿಗೆ ಎದುರು ನಿಂತು ಮಾತಾಡಲು ಬರುತ್ತದೆ, ಫೋನ್ ಗಂಟೆ ಹೊಡೆದರೆ ಮಾತ್ರ ಎದೆ ಡವಡವ. ಕೆಲವರಿಗೆ ಮಾತು ತೊಂದರೆಯೇ ಅಲ್ಲ, ಕೆಲಸ ಮಾಡುವಾಗ ಹಿಂದೆ ಯಾರೋ ನಿಂತು ನೋಡಿದರೆ ಕೈ ನಡುಗುತ್ತದೆ. ಸಿಟ್ಟಾದವರನ್ನು ಸಮಾಧಾನ ಮಾಡುವುದೊಂದೇ ಆಗದವರಿದ್ದಾರೆ. ಊಟದ ಬಿಡುವಿನ ಹರಟೆಗೆ ಹೆದರಿ ಕೆಲಸ ಬಿಟ್ಟವರೂ ಇದ್ದಾರೆ, ಕೆಲಸದ ಮಾತು ಅವರಿಗೆ ಸಲೀಸು.

ಕಾಲ್ ಸೆಂಟರ್ ನೆನಪಿಸಿಕೊಳ್ಳಿ. ಅಲ್ಲಿ ಇವೆಲ್ಲ ಒಟ್ಟಿಗೇ ಇದ್ದವು. ಅಪರಿಚಿತ ದನಿ, ಫೋನು, ಸಿಟ್ಟು, ಮೇಲಿನವರು ಕದ್ದು ಕೇಳುತ್ತಾರೆ ಅನ್ನುವ ಅಳುಕು, ಪ್ರತಿ ಕರೆಗೂ ಗಡಿಯಾರ. ಬಿ.ಕಾಂ. ಮುಗಿಸಿದ ಸಂಕೋಚದ ಹುಡುಗನಿಗೆ ಅದಕ್ಕಿಂತ ಕೆಟ್ಟ ಆರಂಭ ಸಿಗುವುದು ಕಷ್ಟ. ಅಲ್ಲಿ ಅವನು ನಾಲ್ಕು ತಿಂಗಳು ನಿಂತದ್ದೇ ನನಗೆ ಒಳ್ಳೆಯ ಸುದ್ದಿಯಾಗಿ ಕಾಣುತ್ತದೆ. ಯಾವ ಗಳಿಗೆ ಅತಿ ಕಷ್ಟವಾಗುತ್ತಿತ್ತು, ಯಾವುದು ಅಷ್ಟೇನೂ ಕಷ್ಟವಾಗಲಿಲ್ಲ ಅಂತ ಕೇಳಿ ನೋಡಿ. ಸುಮ್ನೆ ಕುತೂಹಲಕ್ಕೆ ಕೇಳಿದ ಹಾಗೆ ಕೇಳಿ, ವಿಚಾರಣೆ ಬೇಡ.

ಕೆಲಸದ ಹೆಸರು ಹೇಳುವ ಮುಂಚೆ ಇನ್ನೊಂದು ವಿಷಯ ತಿಳಿದುಕೊಳ್ಳಬೇಕು. ಜನರಿಂದ ದೂರ ಇರುವವರೆಲ್ಲ ಒಂದೇ ಕಾರಣಕ್ಕೆ ದೂರ ಇರುವುದಿಲ್ಲ. ಒಂಟಿಯಾಗಿರುವುದೇ ಇಷ್ಟ, ಯಾವ ಸಂಕಟವೂ ಇಲ್ಲ ಅನ್ನುವುದು ಸ್ವಭಾವ. ಅದಕ್ಕೆ ಚಿಕಿತ್ಸೆ ಬೇಡ. ಸೇರಬೇಕು ಅಂತ ಆಸೆಯಿದೆ, ಆದರೆ ತಪ್ಪು ಮಾತಾಡಿಬಿಟ್ಟರೆ, ನಕ್ಕುಬಿಟ್ಟರೆ ಅನ್ನುವ ಭಯ ಬಿಡುವುದಿಲ್ಲ ಅಂದರೆ ಅದು ಸಾಮಾಜಿಕ ಆತಂಕ. ಇದು ಸಾಮಾನ್ಯವಾಗಿ ಹದಿಹರೆಯದಲ್ಲೇ ಶುರುವಾಗುತ್ತದೆ. ನಿಮ್ಮ ಪತ್ರ ಓದಿದರೆ ನನಗೆ ಇದರ ವಾಸನೆ ಬರುತ್ತದೆ, ಆದರೆ ಪತ್ರ ನೋಡಿ ಹೆಸರು ಅಂಟಿಸುವುದು ಸರಿಯಲ್ಲ. ಆಟಿಸಂ ಇರುವವರಿಗೆ ಜನರ ಭಯಕ್ಕಿಂತ ಗದ್ದಲ, ದಿಢೀರ್ ಬದಲಾವಣೆ, ಬಾಯಿ ಬಿಟ್ಟು ಹೇಳದ ನಿಯಮಗಳು ಕಷ್ಟ. ಅಂಥವರಿಗೆ ಹುಡುಕುವ ಕೆಲಸವೇ ಬೇರೆ. ಇನ್ನು, ಮೊದಲು ಎಲ್ಲರ ಜೊತೆ ಬೆರೆಯುತ್ತಿದ್ದ ಹುಡುಗ ಈಚೆಗೆ ಬಾಗಿಲು ಹಾಕಿಕೊಳ್ಳುತ್ತಿದ್ದಾನೆ, ಸ್ನಾನ ಬಿಟ್ಟಿದ್ದಾನೆ, ನಿದ್ದೆ ಕೆಟ್ಟಿದೆ, ಯಾರೋ ತನ್ನ ಬಗ್ಗೆ ಮಾತಾಡುತ್ತಾರೆ ಅನ್ನುತ್ತಾನೆ, ಇಲ್ಲವೇ ಬದುಕೇ ಬೇಡ ಅನ್ನುತ್ತಾನೆ ಅಂದರೆ ಕೆಲಸದ ಮಾತು ಪಕ್ಕಕ್ಕಿಡಿ. ಅದೇ ವಾರ ಮನೋವೈದ್ಯರ ಹತ್ತಿರ ಹೋಗಿ.

ಈಗ ಕೆಲಸ. ಬಿ.ಕಾಂ. ಓದಿದ್ದಾನೆ, ಲೆಕ್ಕದಲ್ಲಿ ಚುರುಕು. ಹಾಗಿದ್ದರೆ ನನ್ನ ಕಣ್ಣು ಮೊದಲು ಹೋಗುವುದು ಸಾಗರದಲ್ಲೋ ಶಿವಮೊಗ್ಗದಲ್ಲೋ ಇರುವ ಒಂದು ಸಣ್ಣ ಆಡಿಟರ್ ಆಫೀಸಿಗೆ, ಅಥವಾ ಜಿಎಸ್‌ಟಿ ರಿಟರ್ನ್ ಹಾಕಿಕೊಡುವವರ ಕಡೆಗೆ. ಅಲ್ಲಿ ಒಂದು ತಿಂಗಳು ಹೇಗೆ ಹೋಗುತ್ತದೆ ನೋಡಿ. ಹಾರ್ಡ್‌ವೇರ್ ಅಂಗಡಿಯವರು, ಮೆಡಿಕಲ್ ಶಾಪಿನವರು ಬಿಲ್ಲಿನ ಕಟ್ಟು ತಂದಿಡುತ್ತಾರೆ, ಇಲ್ಲ ವಾಟ್ಸ್ಯಾಪಿನಲ್ಲಿ ಫೋಟೋ ಕಳಿಸುತ್ತಾರೆ. ಅವನ್ನೆಲ್ಲ ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರಿಗೆ ಏರಿಸಬೇಕು. ತಿಂಗಳ ರಿಟರ್ನ್ ಹಾಕುವವರದ್ದಾದರೆ ಮಾರಾಟದ ವಿವರ 11ನೇ ತಾರೀಖಿನೊಳಗೆ ಹೋಗಬೇಕು. 14ಕ್ಕೆ ಪೋರ್ಟಲ್‌ನಲ್ಲಿ 2ಬಿ ಪಟ್ಟಿ, ಅಂದರೆ ಮಾರಿದವರು ಏರಿಸಿದ ಬಿಲ್ಲುಗಳ ಪಟ್ಟಿ, ಬರುತ್ತದೆ. ಅಂಗಡಿಯವರ ಖರೀದಿ ಬಿಲ್ಲುಗಳನ್ನು ಆ ಪಟ್ಟಿಗೆ ಒಂದೊಂದಾಗಿ ತಾಳೆ ಹಾಕಬೇಕು. ಯಾರೋ ಬಿಲ್ ಕೊಟ್ಟು ತೆರಿಗೆ ವಿವರ ಏರಿಸಿಲ್ಲ, ಇನ್ನ್ಯಾರೋ ಜಿಎಸ್‌ಟಿ ನಂಬರಿನಲ್ಲಿ ಒಂದಂಕಿ ತಪ್ಪು ಬರೆದಿದ್ದಾರೆ, ಎಲ್ಲೋ ಹದಿನೆಂಟು ರೂಪಾಯಿ ಹೆಚ್ಚುಕಡಿಮೆ. ಅದನ್ನು ಹುಡುಕಿ ಹಿಡಿಯುವುದರಲ್ಲಿ ಕೆಲವರಿಗೆ ಸಿಗುವ ಖುಷಿಯೇ ಬೇರೆ. 20ಕ್ಕೆ 3ಬಿ, ಅಂದರೆ ತೆರಿಗೆ ಕಟ್ಟುವ ತಿಂಗಳ ರಿಟರ್ನ್, ಹೋದ ಮೇಲೆ ಉಸಿರು ಬಿಡಬಹುದು, ಮುಂದಿನ ಕಟ್ಟು ಬರುವವರೆಗೆ.

ಈ ಕೆಲಸದಲ್ಲೂ ಜನ ಇದ್ದಾರೆ. "ಸರ್, ನಿಮ್ಮ ಪರ್ಚೇಸ್ ಬಿಲ್ ಬಂದಿಲ್ಲ" ಅಂತ ಬೆನ್ನು ಹತ್ತಬೇಕು. ಆದರೆ ಅದು ವಾಟ್ಸ್ಯಾಪಿನಲ್ಲಿ ಬರೆದು ಕಳಿಸಬಹುದಾದ ಮಾತು. ಪ್ರತಿ ತಿಂಗಳು ಅದೇ ಅಂಗಡಿಯವರು, ಅದೇ ವಾಕ್ಯ. ಆಫೀಸಿನಲ್ಲಿ ಮೂರೋ ನಾಲ್ಕೋ ಜನ. ಒಂದು ತಿಂಗಳಲ್ಲಿ ಅವರು ಅಪರಿಚಿತರಾಗಿ ಉಳಿಯುವುದಿಲ್ಲ. ಆದಾಯ ತೆರಿಗೆಯ ಸೀಸನ್ನಿನಲ್ಲಿ, ಅಂದರೆ ಜುಲೈ ಸುಮಾರಿಗೆ, ಕೌಂಟರಿನಲ್ಲಿ ಜನ ಜಾಸ್ತಿ. ಆಗ ಒಳಗಿನ ಟೇಬಲ್ ಕೇಳಿಕೊಳ್ಳಬಹುದು. ಸಂಬಳ ಮೊದಲು ಕಡಿಮೆಯೇ ಇರುತ್ತದೆ, ಅಪ್ಪನಿಗೆ ಇದನ್ನು ಮುಂಚೆಯೇ ಹೇಳಿಬಿಡಿ. ಆದರೆ ಎರಡು ವರ್ಷ ಪಳಗಿದವನಿಗೆ ಬೆಂಗಳೂರಿನ ಆಫೀಸುಗಳ ಪುಸ್ತಕಗಳನ್ನು ಊರಿನಲ್ಲೇ ಕೂತು ಬರೆಯುವ ಕೆಲಸವೂ ಸಿಗುತ್ತದೆ. ಮನೆಯಿಂದ ಮಾಡುವ ಕೆಲಸಕ್ಕೆ ಇದು ಸರಿಯಾದ ದಾರಿ.

ಒಂದೇ ಹುದ್ದೆ ಬೇರೆ ಬೇರೆ ಜಾಗದಲ್ಲಿ ಬೇರೆಯೇ ಕೆಲಸವಾಗುತ್ತದೆ. ಇದನ್ನು ತುಂಬ ಜನ ಗಮನಿಸುವುದಿಲ್ಲ. ಮೆಡಿಕಲ್ ಲ್ಯಾಬ್ ಟೆಕ್ನಿಷಿಯನ್ ಕೆಲಸ ತೆಗೆದುಕೊಳ್ಳಿ. ಊರಿನ ಸಣ್ಣ ಲ್ಯಾಬಿನಲ್ಲಿ ಅದೇ ವ್ಯಕ್ತಿ ರಕ್ತ ತೆಗೆಯಬೇಕು, ಅಳುವ ಮಗುವನ್ನು ಹಿಡಿಯಬೇಕು, ದುಡ್ಡು ಇಸಿದುಕೊಳ್ಳಬೇಕು, "ರಿಪೋರ್ಟ್ ಇನ್ನೂ ಆಗಿಲ್ವಾ" ಅನ್ನುವವರಿಗೆ ಉತ್ತರ ಕೊಡಬೇಕು. ದೊಡ್ಡ ಲ್ಯಾಬಿನ ಒಳಗಡೆ ಬಾರ್‌ಕೋಡ್ ಅಂಟಿಸಿದ ಟ್ಯೂಬುಗಳು ಬರುತ್ತವೆ, ರೋಗಿ ಯಾರು ಅಂತಲೂ ಕಾಣುವುದಿಲ್ಲ. ಲೈಬ್ರರಿಯೂ ಹಾಗೇ. ಹೊರಗಿನಿಂದ ನಿಶ್ಶಬ್ದ, ಆದರೆ ಕೌಂಟರಿನಲ್ಲಿ ಕೂತವನು ದಿನವಿಡೀ ಜನರ ಎದುರೇ. ಒಳಗೆ ಕೂತು ಪುಸ್ತಕಗಳ ಕ್ಯಾಟಲಾಗ್ ಮಾಡುವವನಿಗೆ ಮಾತ್ರ ಆ ಶಾಂತಿ. ಮೊಬೈಲ್ ರಿಪೇರಿಯಲ್ಲಿ ಮುಂದೆ ಗಿರಾಕಿಯ ಜೊತೆ ಮಾತಾಡುವವರು ಬೇರೆ ಇದ್ದು, ಹಿಂದೆ ಬೋರ್ಡ್ ಬೆಸುಗೆ ಹಾಕುವುದಷ್ಟೇ ಇವನ ಪಾಲಿಗೆ ಬಂದರೆ ಒಳ್ಳೆಯದು. ಮೋಟಾರ್ ರಿವೈಂಡಿಂಗ್, ಡಿಟಿಪಿ, ಕನ್ನಡ ಕರಡು ತಿದ್ದುವುದು, ಬೇಕರಿಯ ಒಲೆಯ ಹತ್ತಿರದ ಕೆಲಸ, ಇವೂ ಇದೇ ಸಾಲಿನವು. ಯಾವ ಕೆಲಸವಾದರೂ "ಬೆಳಿಗ್ಗೆಯಿಂದ ಸಂಜೆವರೆಗೆ ಯಾರ್‍ಯಾರ ಜೊತೆ ಮಾತಾಡಬೇಕು" ಅಂತ ಅಲ್ಲಿ ದುಡಿಯುವವರನ್ನೇ ಕೇಳಿ. ಜಾಹೀರಾತಿನಲ್ಲಿ ಅದು ಇರುವುದಿಲ್ಲ.

ಕೌಶಲ ಕಲಿಯುವುದಾದರೆ ರುಡ್‌ಸೆಟ್ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ಸ್ವ-ಉದ್ಯೋಗ ತರಬೇತಿ ಸಂಸ್ಥೆ. ಅದರ ಮಾದರಿಯಲ್ಲೇ ಈಗ ಬ್ಯಾಂಕುಗಳು ಜಿಲ್ಲೆಗಳಲ್ಲಿ ಆರ್‌ಸೆಟಿ ಅನ್ನುವ ತರಬೇತಿ ಕೇಂದ್ರಗಳನ್ನು ನಡೆಸುತ್ತವೆ. ತರಬೇತಿ, ಊಟ, ವಸತಿ ಎಲ್ಲ ಉಚಿತ. ಆದರೆ ಅಲ್ಲೇ ಉಳಿದು, ದೊಡ್ಡ ಕೋಣೆಯಲ್ಲಿ ಹತ್ತಾರು ಜನರ ಜೊತೆ ಮಲಗಿ ಕಲಿಯಬೇಕಾಗಬಹುದು. ಇದು ನಿಮ್ಮ ತಮ್ಮನಿಗೆ ಕೆಲಸಕ್ಕಿಂತ ದೊಡ್ಡ ಪರೀಕ್ಷೆ ಆದೀತು. ಓಡಾಡಿಕೊಂಡು ಕಲಿಯಬಹುದಾ ಅಂತ ಮೊದಲೇ ವಿಚಾರಿಸಿ.

ಸರ್ಕಾರಿ ಕೆಲಸದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅವನಂಥವರಿಗೆ ದೊಡ್ಡ ಗೋಡೆ ಸಂದರ್ಶನ. ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಗ್ರೂಪ್ ಸಿ ಹುದ್ದೆಗಳಿಗೂ ಗ್ರೂಪ್ ಬಿ ನಾನ್-ಗೆಜೆಟೆಡ್ ಹುದ್ದೆಗಳಿಗೂ ಸಂದರ್ಶನ ತೆಗೆದುಹಾಕಿದೆ. ನಮ್ಮ ರಾಜ್ಯದ ಎಫ್‌ಡಿಎ, ಎಸ್‌ಡಿಎ (ಪ್ರಥಮ, ದ್ವಿತೀಯ ದರ್ಜೆ ಸಹಾಯಕರು) ಆಯ್ಕೆಯೂ ಬರವಣಿಗೆಯ ಪರೀಕ್ಷೆಯ ಮೇಲೆಯೇ. ಅಂದರೆ ಮನೆಯಲ್ಲಿ ಕೂತು ಓದಿದವನು ಬಾಯಿ ಬಿಡದೇ ಒಳಗೆ ಹೋಗಬಹುದು. ಹೋದ ಮೇಲೆ ಎಲ್ಲಿ ಕೂರಿಸುತ್ತಾರೆ ಅನ್ನುವುದು ಮಾತ್ರ ಕೈಯಲ್ಲಿಲ್ಲ. ಖಜಾನೆಯ ಲೆಕ್ಕದ ಟೇಬಲ್ ಸಿಕ್ಕರೆ ಅದೃಷ್ಟ. ತಾಲ್ಲೂಕು ಕಚೇರಿಯ ಕೇಸ್ ವರ್ಕರ್ ಆದರೆ ಬೆಳಿಗ್ಗೆಯಿಂದಲೇ ಜನ ಮುತ್ತಿಕೊಳ್ಳುತ್ತಾರೆ. ವಿದ್ಯುತ್ ಸಬ್‌ಸ್ಟೇಷನ್ ಆಪರೇಟರ್ ಕೆಲಸ ಇದಕ್ಕೆ ಉಲ್ಟಾ. ಶಿಫ್ಟಿನಲ್ಲಿ ಒಬ್ಬರೋ ಇಬ್ಬರೋ. ಮೀಟರ್ ನೋಡಿ ಲಾಗ್ ಪುಸ್ತಕ ಬರೆಯಬೇಕು. ಫೋನಿನಲ್ಲಿ ಮಾತಾಡಬೇಕು, ನಿಜ. ಆದರೆ ಎಲ್‌ಸಿ (ರಿಪೇರಿಗಾಗಿ ಲೈನಿನ ಕರೆಂಟ್ ತೆಗೆದು ಕೊಡುವ ಅನುಮತಿ) ಕೊಡುವುದು, ವಾಪಸ್ ಪಡೆಯುವುದು ಎಲ್ಲ ಗೊತ್ತಿರುವ ಮಾತುಗಳಲ್ಲೇ ಮುಗಿಯುತ್ತದೆ. ಕಂಬ ಹತ್ತಿ ಲೈನ್ ನೋಡುವ ಪವರ್‌ಮ್ಯಾನ್ ಹುದ್ದೆಯನ್ನು ಇದರ ಜೊತೆ ಬೆರೆಸಬೇಡಿ. ಕರೆಂಟ್ ಹೋದಾಗ ಊರವರ ಬೈಗುಳವೆಲ್ಲ ಅವನಿಗೇ. ಅಂಚೆಯ ಗ್ರಾಮೀಣ ಡಾಕ್ ಸೇವಕರನ್ನು ಎಸ್‌ಎಸ್‌ಎಲ್‌ಸಿ ಅಂಕದ ಮೇಲೆ ತೆಗೆದುಕೊಳ್ಳುತ್ತಾರೆ, ಪರೀಕ್ಷೆಯೂ ಇಲ್ಲ, ಸಂದರ್ಶನವೂ ಇಲ್ಲ. ಮನೆ ಮನೆಗೆ ಹೋಗುವ ಕೆಲಸ, ಆಗಲಾರದು ಅನ್ನಿಸುತ್ತದೆ. ಆದರೆ ಕೈಯಲ್ಲಿ ಕಾಗದ ಇದ್ದರೆ ಮಾತಿಗೆ ಒಂದು ನೆಪ ಇರುತ್ತದೆ, ಕೊಟ್ಟ ಮೇಲೆ ಹೊರಡಬಹುದು. ಸಂಕೋಚದ ಕೆಲವರು ಇದರಲ್ಲಿ ಚೆನ್ನಾಗಿ ನೆಲೆ ನಿಂತಿದ್ದಾರೆ.

ಅಂಗವಿಕಲರ ಮೀಸಲಾತಿಯ ಬಗ್ಗೆಯೂ ಕೆಲವರು ಕೇಳುತ್ತಾರೆ. 2016ರ ಕಾಯ್ದೆಯಲ್ಲಿ ಸರ್ಕಾರಿ ಹುದ್ದೆಗಳ ಶೇ. 4 ಮೀಸಲು. ಅದರಲ್ಲಿ ಶೇ. 1 ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ ಮೊದಲಾದವುಗಳಿಗೆ ಸೇರಿ. ಶೇ. 40ಕ್ಕಿಂತ ಕಡಿಮೆ ಇಲ್ಲದ ಅಂಗವೈಕಲ್ಯದ ಸರ್ಟಿಫಿಕೇಟ್ ಬೇಕು. ಸಾಮಾಜಿಕ ಆತಂಕ ಒಂದಕ್ಕೇ ಅಷ್ಟು ಸಿಗುವುದು ಸುಲಭವಿಲ್ಲ. ಅದನ್ನೇ ನಂಬಿ ಕೂರಬೇಡಿ.

ಡೇಟಾ ಎಂಟ್ರಿ ಹುಡುಕುತ್ತಿದ್ದಾನೆ ಅಂದಿರಲ್ಲ, ಇದನ್ನು ಇವತ್ತೇ ಮಾತಾಡಿ. ಮನೆಯಿಂದ ಹೊರಗೆ ಬರಲು ಹಿಂಜರಿಯುವವರನ್ನೇ ಹುಡುಕುವ ಮೋಸಗಾರರಿದ್ದಾರೆ. ಒಂದು ಬಗೆ ಹೀಗಿದೆ. ವಾರಕ್ಕಿಷ್ಟು ಪುಟ ಟೈಪ್ ಮಾಡಿ, ಇಷ್ಟು ಸಂಬಳ ಅಂತ ಆಸೆ ತೋರಿಸುತ್ತಾರೆ. ಆನ್‌ಲೈನಿನಲ್ಲೇ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಹುಡುಗ ರಾತ್ರಿ ಹಗಲು ಟೈಪ್ ಮಾಡಿ ಕಳಿಸಿದರೆ "ತಪ್ಪು ಜಾಸ್ತಿ, ಒಪ್ಪಂದ ಮುರಿದಿದ್ದೀರಿ" ಅನ್ನುತ್ತಾರೆ. ಮರುದಿನ ವಕೀಲರ ಹೆಸರಿನಲ್ಲಿ ನೋಟಿಸ್, ದಂಡ ಕಟ್ಟದಿದ್ದರೆ ಪೊಲೀಸ್ ಅನ್ನುವ ಫೋನು. ಫೋನಿಗೇ ಹೆದರುವವನು ವಾದ ಮಾಡದೇ ದುಡ್ಡು ಕಟ್ಟಿಬಿಡುತ್ತಾನೆ, ಮನೆಯಲ್ಲೂ ಹೇಳುವುದಿಲ್ಲ. ಇನ್ನೊಂದು ಟೆಲಿಗ್ರಾಂನಲ್ಲಿ ಬರುವ ಟಾಸ್ಕ್. ವಿಡಿಯೋಗೆ ಲೈಕ್ ಒತ್ತಿದರೆ ಮೊದಲು ನೂರಿನ್ನೂರು ರೂಪಾಯಿ ನಿಜವಾಗಿಯೂ ಬರುತ್ತದೆ, ಆಮೇಲೆ ಮುಂದಿನ ಹಂತಕ್ಕೆ ನೀವೇ ದುಡ್ಡು ಹಾಕಿ ಅನ್ನುತ್ತಾರೆ. ಕೆಲಸ ಕೊಡುವವರು ದುಡ್ಡು ಕೇಳಿದರೆ ಅದು ಕೆಲಸವಲ್ಲ. ದುಡ್ಡು ಹೋಗಿದ್ದರೆ ತಡ ಮಾಡದೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಆ ಫೋನ್ ನೀವೇ ಮಾಡುತ್ತೀರಿ ಅಂತ ಅವನಿಗೆ ಮೊದಲೇ ಹೇಳಿಡಿ.

ಮೋಸವಿಲ್ಲದ ಕೆಲಸವೇ ಸಿಕ್ಕರೂ, ಶುರುವಿನಲ್ಲೇ ಪೂರ್ತಿ ಮನೆಯಿಂದ ಅನ್ನುವುದು ನನಗೆ ಇಷ್ಟವಿಲ್ಲ. ಆತಂಕದ ಗುಣವೇ ಹಾಗೆ. ತಪ್ಪಿಸಿಕೊಂಡ ಕೂಡಲೇ ಹಾಯೆನಿಸುತ್ತದೆ, ಮುಂದಿನ ಸಲ ಭಯ ಇನ್ನಷ್ಟು ಹೆಚ್ಚುತ್ತದೆ. ಮಾಳಿಗೆಯಲ್ಲೇ ಲ್ಯಾಪ್‌ಟಾಪ್, ಅಲ್ಲಿಗೇ ಊಟ ಅಂತಾದರೆ ಕೊರಿಯರ್ ಹುಡುಗ ಬಾಗಿಲು ಬಡಿದರೂ ಕಷ್ಟವಾಗುವ ದಿನ ಬರುತ್ತದೆ. ವಾರಕ್ಕೆ ಮೂರು ದಿನವಾದರೂ ಹೊರಗೆ ಹೋಗಿ ಕೂರುವ ಕೆಲಸ ಇರಲಿ.

ಆಡಿಟರ್ ಆಫೀಸಿಗೆ ಸೇರಿಸುವುದು ಹೇಗೆ? ಸಣ್ಣ ಊರಿನ ಅನುಕೂಲ ಇಲ್ಲೇ ಇದೆ. ಸಂದರ್ಶನ ಬೇಡ, "ಹದಿನೈದು ದಿನ ಎಂಟ್ರಿ ಮಾಡಿಸಿ ನೋಡಿ" ಅಂತ ಗುರುತಿನವರ ಮೂಲಕ ಕೇಳಿಸಿ. ಮುಂಚೆ ಟ್ಯಾಲಿ ಕೋರ್ಸ್ ಮಾಡಿಕೊಂಡಿರಲಿ. ನಿಮ್ಮದೇ ತೋಟದ ಒಂದು ವರ್ಷದ ಲೆಕ್ಕವನ್ನು ಟ್ಯಾಲಿಯಲ್ಲಿ ಹಾಕಿ ತೋರಿಸಿದರೆ, ಮಾತಿಗಿಂತ ಹೆಚ್ಚು ಅದೇ ಮಾತಾಡುತ್ತದೆ. ಕಾಯಿಲೆ, ಆತಂಕ ಅಂತೆಲ್ಲ ಅವರಿಗೆ ವಿವರಿಸುವ ಅಗತ್ಯವಿಲ್ಲ. "ಫೋನಿನಲ್ಲಿ ಸ್ವಲ್ಪ ತಡವರಿಸುತ್ತೇನೆ, ಮೊದಲ ಮೂರು ತಿಂಗಳು ಎಂಟ್ರಿ, ತಾಳೆ ನೋಡುವುದು ಕೊಡಿ" ಅಂದರೆ ಸಾಕು. ಈ ವಾಕ್ಯ ಅವನೇ ಹೇಳಬೇಕು. ನೀವು ಜೊತೆಗಿರಿ, ಅವನ ಪರವಾಗಿ ಮಾತಾಡಬೇಡಿ. ಬರೆದುಕೊಂಡು ಹೋಗಿ ಓದಿದರೂ ತಪ್ಪಿಲ್ಲ.

ಅದಕ್ಕೂ ಮುಂಚೆ ಊರಿನಲ್ಲೇ ಅಭ್ಯಾಸ ಶುರುವಾಗಲಿ. ಹಾಲಿನ ಡೈರಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ದಿನಾ ಅದೇ ಹೊತ್ತು, ಅದೇ ಹತ್ತು ಜನ. ಕ್ಯಾನ್ ಇಡು, ನಂಬರ್ ಹೇಳು, ಫ್ಯಾಟ್ ನೋಡು, ಚೀಟಿ ತೆಗೆದುಕೋ, ಹೊರಡು. ಎರಡು ನಿಮಿಷದ ಕೆಲಸ. ಮೊದಲ ವಾರ ಅಷ್ಟೇ. ಆಮೇಲೆ ಒಬ್ಬರಿಗೆ "ಮಳೆ ಬರುತ್ತಾ" ಅಂತ ಒಂದು ಮಾತು. "ಈಗ ಏನ್ ಮಾಡ್ತಿದೀಯಪ್ಪ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಎಲ್ಲರೂ ಹೆದರುವ ಪ್ರಶ್ನೆ ಅದೇ. ಅದಕ್ಕೊಂದು ಉತ್ತರ ಮನೆಯಲ್ಲೇ ತಯಾರು ಮಾಡಿಡಿ: "ಟ್ಯಾಲಿ ಕಲೀತಿದೀನಿ, ಮನೆ ಲೆಕ್ಕ ನೋಡ್ತಿದೀನಿ." ನೆಂಟರು ಬಂದಾಗ ಪೂರ್ತಿ ಹೊತ್ತು ಕೂರು ಅನ್ನಬೇಡಿ. ಚಹಾ ತಂದುಕೊಟ್ಟು ಐದು ನಿಮಿಷ ನಿಂತು ಹೋಗಲಿ. ಅವನು ಬಂದಾಗ "ಓಹೋ, ಇವತ್ತು ಸೂರ್ಯ ಎಲ್ಲಿ ಹುಟ್ಟಿದ" ಅನ್ನುವ ಚಿಕ್ಕಪ್ಪನನ್ನು ಮಾತ್ರ ಮೊದಲೇ ತಡೆಯಿರಿ.

ಚಿಕಿತ್ಸೆಯೂ ಜೊತೆಗೇ ನಡೆಯಲಿ. ಸಾಮಾಜಿಕ ಆತಂಕಕ್ಕೆ ಮಾತಿನ ಚಿಕಿತ್ಸೆ, ಅದರಲ್ಲೂ ಯೋಚನೆ, ನಡವಳಿಕೆ ಎರಡನ್ನೂ ಹಂತಹಂತವಾಗಿ ಬದಲಿಸುವ ಸಿಬಿಟಿ ಅನ್ನುವುದು ಚೆನ್ನಾಗಿ ಕೆಲಸ ಮಾಡುತ್ತದೆ. ಕೆಳಗೆ-ಮೇಲೆ ಅನ್ನದೇ ದಿನಾ ಹಾಲಿನ ಡೈರಿಗೆ ಹೋಗುವ ಅಭ್ಯಾಸವೂ ಅದರದೇ ಒಂದು ತುಣುಕು. ಬೇಕಾದರೆ ವೈದ್ಯರು ಮಾತ್ರೆ ಕೊಡುತ್ತಾರೆ. ಪರಿಣಾಮ ಕಾಣಲು ಕೆಲವು ವಾರ ಬೇಕು, ತಾನಾಗಿಯೇ ನಿಲ್ಲಿಸಬಾರದು. ನಿಮಗೆ ಹತ್ತಿರ ಅಂದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಅಷ್ಟು ದೂರ ಬೇಡ ಅಂದರೆ 14416, ಟೆಲಿ ಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ. 2022ರಲ್ಲಿ ಶುರುವಾದ ಸೇವೆ, ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಫೋನಿಗೇ ಹೆದರುವವನಿಗೆ ಫೋನ್ ಮಾಡು ಅನ್ನುವುದು ವಿಚಿತ್ರ, ಗೊತ್ತು. ಮೊದಲ ಸಲ ನೀವು ಮಾಡಿ, ಅವನು ಪಕ್ಕದಲ್ಲಿ ಕೂತು ಕೇಳಲಿ.

ಕೊನೆಗೆ, ನನಗೆ ಬರೆದದ್ದನ್ನು ಹೇಳಬೇಕೋ ಬೇಡವೋ. ಹೇಳಿ. ಅವನ ಕೆಲಸದ ವಿಷಯ ಅವನ ಬೆನ್ನ ಹಿಂದೆ ನಿರ್ಧಾರವಾಗಿದೆ ಅಂತ ಆಮೇಲೆ ಗೊತ್ತಾದರೆ, ಮಾತಾಡುವ ಇಬ್ಬರಲ್ಲಿ ಒಬ್ಬರನ್ನು ಅವನು ಕಳೆದುಕೊಳ್ಳುತ್ತಾನೆ. ಈ ಉತ್ತರವನ್ನೇ ಅವನ ಕೈಗೆ ಕೊಟ್ಟುಬಿಡಿ, ಜೊತೆಗೊಂದು ಪೆನ್ನು. ಆಗದ ಕೆಲಸಗಳ ಮೇಲೆ ಗೀಟು ಎಳೆಯಲಿ. ಯಾಕೆ ಎಳೆದೆ ಅಂತ ಕೇಳಬೇಡಿ. ಗೀಟು ಬೀಳದೇ ಒಂದೆರಡು ಉಳಿದರೆ, ಆ ಕೆಲಸ ಮಾಡುತ್ತಿರುವ ಯಾರನ್ನಾದರೂ ಸಾಗರದಲ್ಲಿ ಹುಡುಕಿ. ಅಲ್ಲಿಗೆ ಅವನನ್ನೂ ಕರೆದುಕೊಂಡು ಹೋಗಿ.